ವಿದ್ಯುತ್ ನಿಯಂತ್ರಣ ಆಯೋಗದ ಸಿಬ್ಬಂದಿ ಮತ್ತು ಖರ್ಚು: ಲೆಕ್ಕ ಓದುವುದು ಹೇಗೆ?

ವಿದ್ಯುತ್ ದರ ಪರಿಷ್ಕರಣೆಯ ಆದೇಶ ಹೊರಬಿದ್ದ ದಿನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಹೆಸರು ಎಲ್ಲ ಪತ್ರಿಕೆಗಳ ಮುಖಪುಟದಲ್ಲಿರುತ್ತದೆ. ಆ ಆದೇಶದ ಹಿಂದಿನ ಲೆಕ್ಕಪತ್ರಗಳನ್ನು ಎಷ್ಟು ಮಂದಿ ಪರಿಶೀಲಿಸಿದರು, ಅವರಲ್ಲಿ ಆಯೋಗದ ಸ್ವಂತ ನೌಕರರೆಷ್ಟು, ಬೇರೆ ಸಂಸ್ಥೆಗಳಿಂದ ನಿಯೋಜನೆ ಮೇಲೆ ಬಂದವರೆಷ್ಟು, ಅವರ ಸಂಬಳ ಯಾವ ನಿಧಿಯಿಂದ ಹೋಗುತ್ತದೆ ಎಂಬ ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಬಳಕೆದಾರರ ವೇದಿಕೆಗಳು, ರೈತ ಸಂಘಗಳು, ಸಣ್ಣ ಕೈಗಾರಿಕೆಗಳ ಸಂಘಗಳು ಮತ್ತು ಈ ವಿಷಯದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಈ ಪ್ರಶ್ನೆಗಳಿಗೆ ತಾವೇ ಉತ್ತರ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ಕರ್ನಾಟಕದ ಆಯೋಗವನ್ನೇ ತೆಗೆದುಕೊಂಡಿದ್ದರೂ ಕಾಯ್ದೆ ದೇಶಕ್ಕೆಲ್ಲ ಒಂದೇ ಆಗಿರುವುದರಿಂದ ಬೇರೆ ರಾಜ್ಯಗಳ ಆಯೋಗಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಕಾಯ್ದೆಯ ಚೌಕಟ್ಟು

ಲೆಕ್ಕಕ್ಕೆ ಕೈ ಹಾಕುವ ಮೊದಲು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕೆಲವು ಕಲಂಗಳನ್ನು ಓದಿಕೊಳ್ಳುವುದು ಅಗತ್ಯ. ಕರ್ನಾಟಕದ ಆಯೋಗ ಹುಟ್ಟಿದ್ದು 1999ರ ರಾಜ್ಯ ಸುಧಾರಣಾ ಕಾಯ್ದೆಯಡಿ. ಆದರೆ ಈಗ ಅದರ ರಚನೆ, ಅಧಿಕಾರ ಮತ್ತು ಹಣಕಾಸು ಮುಖ್ಯವಾಗಿ 2003ರ ಕಾಯ್ದೆಯ ಪ್ರಕಾರವೇ ನಡೆಯುತ್ತದೆ. ಕಲಂ 82ರಂತೆ ರಾಜ್ಯ ಆಯೋಗದಲ್ಲಿ ಅಧ್ಯಕ್ಷರೂ ಸೇರಿ ಮೂವರಿಗಿಂತ ಹೆಚ್ಚು ಸದಸ್ಯರಿರುವಂತಿಲ್ಲ. ಕಲಂ 89ರಂತೆ ಅವರ ಅವಧಿ 5 ವರ್ಷ, ವಯಸ್ಸಿನ ಮಿತಿ 65. ಅದೇ ಹುದ್ದೆಗೆ ಮರುನೇಮಕವಿಲ್ಲ.

ಸಿಬ್ಬಂದಿಯ ಮಟ್ಟಿಗೆ ಕಲಂ 91 ಮುಖ್ಯವಾದದ್ದು. ಕಾರ್ಯದರ್ಶಿಯನ್ನು ಆಯೋಗ ನೇಮಿಸಬಹುದು. ಆದರೆ ಉಳಿದ ಅಧಿಕಾರಿ ಮತ್ತು ನೌಕರರ ಸಂಖ್ಯೆ, ಸ್ವರೂಪ ಮತ್ತು ವರ್ಗಗಳನ್ನು ನಿಗದಿಪಡಿಸಲು, ಅವರ ವೇತನ ಮತ್ತು ಸೇವಾ ಷರತ್ತುಗಳನ್ನು ಗೊತ್ತುಪಡಿಸಲು ರಾಜ್ಯ ಸರ್ಕಾರದ ಅನುಮೋದನೆ ಬೇಕು. ಸ್ವತಂತ್ರ ಸಂಸ್ಥೆಯೆಂದು ಕರೆಸಿಕೊಳ್ಳುವ ಆಯೋಗ ಒಂದು ಸಹಾಯಕ ಎಂಜಿನಿಯರ್ ಹುದ್ದೆಯನ್ನು ಸೃಷ್ಟಿಸಬೇಕಾದರೂ ಕಡತ ವಿಧಾನಸೌಧದ ದಿಕ್ಕಿಗೆ ಹೋಗಿ ಬರಬೇಕು. ಇದೇ ಕಲಮಿನ ಕೊನೆಯ ಉಪಕಲಂ ಸಲಹೆಗಾರರನ್ನು ತೆಗೆದುಕೊಳ್ಳುವ ಅಧಿಕಾರವನ್ನೂ ಆಯೋಗಕ್ಕೆ ಕೊಟ್ಟಿದೆ. ಹುದ್ದೆಗೆ ಸರ್ಕಾರದ ಒಪ್ಪಿಗೆ ಬೇಕು, ಸಲಹೆಗಾರರನ್ನು ಮಾತ್ರ ಆಯೋಗ ತಾನೇ ತೆಗೆದುಕೊಳ್ಳಬಹುದು ಎಂಬ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ಖರ್ಚಿನ ಪಟ್ಟಿ ಓದುವಾಗ ಕಾಣುವ ಹಲವು ಏರಿಳಿತಗಳಿಗೆ ಕಾರಣ ತಾನಾಗಿ ತಿಳಿಯುತ್ತದೆ.

ಹಣದ ವಿಚಾರವನ್ನು ಕಲಂ 102ರಿಂದ 106ರವರೆಗೆ ಹೇಳಲಾಗಿದೆ. ಸರ್ಕಾರ ಅನುದಾನ ಅಥವಾ ಸಾಲ ಕೊಡಬಹುದು; ಆಯೋಗದ ನಿಧಿಗೆ ಈ ಅನುದಾನವೂ ಆಯೋಗ ವಸೂಲಿ ಮಾಡುವ ಶುಲ್ಕಗಳೂ ಜಮೆಯಾಗುತ್ತವೆ; ಅಧ್ಯಕ್ಷರು, ಸದಸ್ಯರು ಮತ್ತು ಸಿಬ್ಬಂದಿಯ ಸಂಬಳ ಆ ನಿಧಿಯಿಂದ ಹೋಗುತ್ತದೆ. ಲೆಕ್ಕವನ್ನು ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಪರಿಶೋಧಿಸುತ್ತಾರೆ. ಪರಿಶೋಧಿತ ಲೆಕ್ಕ ಮತ್ತು ವಾರ್ಷಿಕ ವರದಿ ಎರಡೂ ರಾಜ್ಯ ವಿಧಾನಮಂಡಲದ ಮುಂದೆ ಮಂಡನೆಯಾಗಬೇಕು. ಮುಂದಿನ ವರ್ಷದ ಅಂದಾಜನ್ನು ಆಯೋಗ ಪ್ರತಿ ವರ್ಷ ತಯಾರಿಸಿ ಸರ್ಕಾರಕ್ಕೆ ಕಳುಹಿಸಬೇಕು.

ದಾಖಲೆಗಳನ್ನು ಪಡೆಯುವುದು

ಮೇಲಿನ ಕಲಂಗಳಿಂದಲೇ ಬೇಕಾದ ದಾಖಲೆಗಳ ಪಟ್ಟಿ ಸಿದ್ಧವಾಗುತ್ತದೆ. ವಾರ್ಷಿಕ ವರದಿ, ಪರಿಶೋಧಿತ ಲೆಕ್ಕಪತ್ರ, ವಾರ್ಷಿಕ ಅಂದಾಜು ಹಾಗೂ ಸಿಬ್ಬಂದಿಯ ನೇಮಕಾತಿ ಮತ್ತು ಸೇವಾ ಷರತ್ತುಗಳ ನಿಯಮಾವಳಿ ಇವೇ ಆ ನಾಲ್ಕು. ಇವುಗಳ ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ಅಧಿಕಾರಿ ಮತ್ತು ನೌಕರರ ಪಟ್ಟಿಯನ್ನು, ಅವರು ಪಡೆಯುವ ಮಾಸಿಕ ಸಂಭಾವನೆಯನ್ನು ಮತ್ತು ಅನುದಾನ ಹಂಚಿಕೆಯ ವಿವರವನ್ನು ತಾನಾಗಿಯೇ ಪ್ರಕಟಿಸಬೇಕು. ಮೊದಲು ಅದನ್ನು ನೋಡಿ. ಪ್ರಕಟಣೆಯ ದಿನಾಂಕವನ್ನು ತಪ್ಪದೆ ಬರೆದುಕೊಳ್ಳಿ, ಏಕೆಂದರೆ ಈ ಪಟ್ಟಿಗಳು ಹಲವು ಕಚೇರಿಗಳಲ್ಲಿ ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುತ್ತವೆ.

ಸಿಗದ ವಿವರಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಕರ್ನಾಟಕದ ನಿಯಮಗಳಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ನಿಯಮವನ್ನು ಕಡೆಗಣಿಸಿ ಸಿಬ್ಬಂದಿ, ಖರ್ಚು, ವಾಹನ, ಪ್ರವಾಸ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೇಳಿದವರ ಅರ್ಜಿ ತಿರಸ್ಕೃತವಾಗುವ ಸಾಧ್ಯತೆ ಹೆಚ್ಚು. ಸಿಬ್ಬಂದಿಗೊಂದು, ಖರ್ಚಿಗೊಂದು ಪ್ರತ್ಯೇಕ ಅರ್ಜಿ ಬರೆಯುವುದೇ ಕ್ಷೇಮ. ಸಿಬ್ಬಂದಿಯ ಅರ್ಜಿ ಹೀಗಿರಬಹುದು:

"ವಿಷಯ: ಆಯೋಗದ ಸಿಬ್ಬಂದಿ ಬಲ. 2021ರಿಂದ 2025ರವರೆಗೆ ಪ್ರತಿ ಮಾರ್ಚ್ 31ರಂದು ಇದ್ದಂತೆ, (ಅ) ವೃಂದವಾರು ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಹುದ್ದೆಗಳ ಸಂಖ್ಯೆ. (ಆ) ಭರ್ತಿಯಾದವರ ಪೈಕಿ ನೇರ ನೇಮಕಾತಿ, ನಿಯೋಜನೆ, ಗುತ್ತಿಗೆ ಮತ್ತು ಹೊರಗುತ್ತಿಗೆಯವರ ಸಂಖ್ಯೆ. (ಇ) ನಿಯೋಜನೆ ಮೇಲೆ ಬಂದವರ ಮಾತೃ ಸಂಸ್ಥೆವಾರು ಸಂಖ್ಯೆ. ಈ ವಿವರಗಳಿರುವ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಲು ಕೋರುತ್ತೇನೆ."

ಇಲ್ಲಿ ಯಾರ ಹೆಸರನ್ನೂ ಕೇಳಿಲ್ಲ ಎಂಬುದನ್ನು ಗಮನಿಸಬೇಕು. ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿಯೆಂಬ ಆಕ್ಷೇಪ ಬರುತ್ತದೆ. ನಮ್ಮ ಲೆಕ್ಕಕ್ಕೆ ಹೆಸರಿನಿಂದ ಆಗಬೇಕಾದದ್ದು ಏನೂ ಇಲ್ಲ. "ಏಕೆ ಖಾಲಿ ಇವೆ" ಎಂಬಂತಹ ಪ್ರಶ್ನೆಯನ್ನೂ ಹಾಕಬಾರದು, ಏಕೆಂದರೆ ದಾಖಲೆಯಲ್ಲಿರುವುದನ್ನು ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಹೊಣೆ, ಕಾರಣ ವಿವರಿಸುವುದಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಹುದ್ದೆಗಳನ್ನು ಎಣಿಸುವ ಬಗೆ

ಅಂಕಿಗಳು ಕೈಗೆ ಬಂದ ಮೇಲೆ ಹೆಚ್ಚಿನವರು ಮಾಡುವುದು ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರುವ ಶೇಕಡಾವಾರನ್ನು ತೆಗೆದು ಅಲ್ಲಿಗೇ ನಿಲ್ಲುವುದು. ಅದರಿಂದ ಅರ್ಧ ಚಿತ್ರವೂ ಸಿಗುವುದಿಲ್ಲ. ಒಂದು ಕಾಲ್ಪನಿಕ ಆಯೋಗವನ್ನು ತೆಗೆದುಕೊಂಡು ನೋಡೋಣ. ಮಂಜೂರಾದ ಹುದ್ದೆಗಳು 80, ಭರ್ತಿಯಾದವು 56, ಖಾಲಿ 24. ಅಂದರೆ ಶೇ 30ರಷ್ಟು ಖಾಲಿ. ಇದೇ 80 ಹುದ್ದೆಗಳನ್ನು ಎರಡು ಗುಂಪು ಮಾಡಿ, ದರ ನಿರ್ಣಯ, ಎಂಜಿನಿಯರಿಂಗ್, ಹಣಕಾಸು ವಿಶ್ಲೇಷಣೆ ಮತ್ತು ಕಾನೂನಿಗೆ ಸೇರಿದವು 30, ಆಡಳಿತ, ಬೆರಳಚ್ಚು, ಚಾಲನೆ, ದಲಾಯತ್ ಮುಂತಾದ ಸಹಾಯಕ ಹುದ್ದೆಗಳು 50 ಎಂದಿಟ್ಟುಕೊಳ್ಳಿ. ಮೊದಲ ಗುಂಪಿನಲ್ಲಿ 15 ಮಾತ್ರ ಭರ್ತಿಯಾಗಿದ್ದರೆ ಅಲ್ಲಿಯ ಖಾಲಿ ಪ್ರಮಾಣ ಶೇ 50. ಎರಡನೆಯದರಲ್ಲಿ 41 ಭರ್ತಿಯಾಗಿ ಶೇ 18 ಮಾತ್ರ. ಎಸ್ಕಾಂಗಳು, ಅಂದರೆ ಮನೆಮನೆಗೆ ವಿದ್ಯುತ್ ವಿತರಿಸುವ ಸರ್ಕಾರಿ ಕಂಪನಿಗಳು, ಸಲ್ಲಿಸುವ ಸಾವಿರಾರು ಕೋಟಿ ರೂಪಾಯಿಗಳ ವಿದ್ಯುತ್ ಖರೀದಿ ವೆಚ್ಚವನ್ನು ಪ್ರಶ್ನಿಸಬೇಕಾದವರು ಮೊದಲ ಗುಂಪಿನವರು. ಒಟ್ಟು ಶೇಕಡಾವಾರು ಈ ಸಂಗತಿಯನ್ನು ಮರೆಮಾಡುತ್ತದೆ.

ಎರಡನೆಯದು ದಿನಾಂಕದ ಪ್ರಶ್ನೆ. ಮಾರ್ಚ್ 31ರಂದು 56 ಮಂದಿ ಇದ್ದರು ಎಂದ ಮಾತ್ರಕ್ಕೆ ವರ್ಷವಿಡೀ 56 ಮಂದಿ ಕೆಲಸ ಮಾಡಿದರು ಎಂದಾಗುವುದಿಲ್ಲ. ಅವರಲ್ಲಿ 8 ಮಂದಿ ಜನವರಿ 1ರಂದು ಬಂದವರಾದರೆ ಅವರು ಕೆಲಸ ಮಾಡಿದ್ದು ತಲಾ 3 ತಿಂಗಳು, ಒಟ್ಟು 24 ತಿಂಗಳು, ಅಂದರೆ ಇಬ್ಬರ ಒಂದು ವರ್ಷದ ದುಡಿಮೆ. ಹಾಗಾಗಿ ಆ ವರ್ಷದ ನಿಜವಾದ ಸಿಬ್ಬಂದಿ ಬಲ 48 ಮತ್ತು 2 ಸೇರಿ 50. ವೇತನ ವೆಚ್ಚ 6 ಕೋಟಿ ರೂಪಾಯಿ ಆಗಿದ್ದರೆ ತಲಾ ವೆಚ್ಚ 12 ಲಕ್ಷ. 56ರಿಂದ ಭಾಗಿಸಿದವರಿಗೆ 10.7 ಲಕ್ಷ ಬರುತ್ತದೆ, ಮತ್ತು ಮರುವರ್ಷ ಎಲ್ಲ 56 ಮಂದಿಯೂ ಪೂರ್ತಿ ದುಡಿದಾಗ ಸಂಬಳ ಒಮ್ಮೆಲೇ ಏರಿತೆಂಬ ತಪ್ಪು ತೀರ್ಮಾನಕ್ಕೆ ಅವರು ಬರುತ್ತಾರೆ. ತಿಂಗಳುವಾರು ಹಾಜರಾತಿ ಸಿಗದಿದ್ದಲ್ಲಿ ಕನಿಷ್ಠ ಎರಡು ಮಾರ್ಚ್ 31ರ ಸಂಖ್ಯೆಗಳ ಸರಾಸರಿಯನ್ನಾದರೂ ಬಳಸಬೇಕು.

ಮೂರನೆಯದೂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ನಿಯೋಜನೆಯ ಪ್ರಶ್ನೆ. ರಾಜ್ಯ ಆಯೋಗಗಳಿಗೆ ಬೇಕಾದ ವಿದ್ಯುತ್ ಎಂಜಿನಿಯರುಗಳು, ವಿದ್ಯುತ್ ಕ್ಷೇತ್ರದ ಲೆಕ್ಕ ಬಲ್ಲವರು ಹೆಚ್ಚಾಗಿ ಇರುವುದು ಸರ್ಕಾರಿ ವಿದ್ಯುತ್ ಕಂಪನಿಗಳಲ್ಲೇ. ಕರ್ನಾಟಕದಲ್ಲಿ ಅವು ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳು. ಅವರನ್ನು ನಿಯೋಜನೆ ಮೇಲೆ ಕರೆತರುವುದರಲ್ಲಿ ಅನುಕೂಲವಿದೆ: ಉಪಕೇಂದ್ರದ ನಷ್ಟವನ್ನು ಕಾಗದದಲ್ಲಿ ಹೇಗೆ ಕಡಿಮೆ ತೋರಿಸಬಹುದು ಎಂಬುದು ಅಲ್ಲಿ ದುಡಿದವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅವರ ಬಡ್ತಿ, ಜ್ಯೇಷ್ಠತೆ, ಪಿಂಚಣಿ ಎಲ್ಲವೂ ಮಾತೃ ಸಂಸ್ಥೆಯಲ್ಲೇ ಇರುತ್ತವೆ, ಕೆಲವು ವರ್ಷಗಳ ನಂತರ ಅವರು ಅಲ್ಲಿಗೇ ಮರಳುತ್ತಾರೆ. ತವರಿನ ಲೆಕ್ಕ ಕೇಳಲು ಮಗಳನ್ನೇ ಕಳುಹಿಸಿದಂತೆ ಇದು. ಯಾವ ಅಧಿಕಾರಿಯ ಪ್ರಾಮಾಣಿಕತೆಯನ್ನೂ ಇಲ್ಲಿ ಶಂಕಿಸುತ್ತಿಲ್ಲ; ವ್ಯವಸ್ಥೆ ಆ ಅಧಿಕಾರಿಯ ಮೇಲೆ ಹೇರುವ ಇಕ್ಕಟ್ಟನ್ನು ಅಳೆಯಬೇಕು ಎಂಬುದಷ್ಟೇ ಮಾತು. ಅದಕ್ಕಾಗಿ ಮೊದಲ ಗುಂಪಿನ ಹುದ್ದೆಗಳಲ್ಲಿ ನಿಯೋಜನೆಯವರ ಪಾಲು ಎಷ್ಟು, ಅವರಲ್ಲಿ ಆಯೋಗದ ನಿಯಂತ್ರಣಕ್ಕೊಳಪಟ್ಟ ಕಂಪನಿಗಳಿಂದಲೇ ಬಂದವರೆಷ್ಟು, ಒಬ್ಬರು ಸರಾಸರಿ ಎಷ್ಟು ವರ್ಷ ಇರುತ್ತಾರೆ ಎಂಬ ಮೂರು ಸಂಖ್ಯೆಗಳನ್ನು ಪ್ರತ್ಯೇಕವಾಗಿ ತೆಗೆಯಬೇಕು. ಮೂರನೆಯ ಸಂಖ್ಯೆ ಚಿಕ್ಕದಾದಷ್ಟೂ ಆಯೋಗದ ಒಳಗಿನ ಅನುಭವ ಕರಗುತ್ತಿದೆ ಎಂದರ್ಥ.

ಅಧ್ಯಕ್ಷರು ಮತ್ತು ಸದಸ್ಯರ ಹುದ್ದೆಗಳನ್ನು ಈ ಪಟ್ಟಿಯಿಂದ ಹೊರಗಿಟ್ಟು ಬೇರೆಯಾಗಿ ನೋಡಿ. ಅವಧಿ ಮುಗಿಯುವ 6 ತಿಂಗಳು ಮೊದಲೇ ಸರ್ಕಾರ ಆಯ್ಕೆ ಸಮಿತಿಗೆ ವಿಷಯ ಒಪ್ಪಿಸಬೇಕೆಂದು ಕಲಂ 85 ಹೇಳುತ್ತದೆ. ಖಾಲಿ ಹುದ್ದೆಯಿದೆ ಎಂಬ ಒಂದೇ ಕಾರಣಕ್ಕೆ ಆಯೋಗದ ಆದೇಶ ಅಸಿಂಧುವಾಗುವುದಿಲ್ಲ ಎಂದು ಕಲಂ 93 ಹೇಳುತ್ತದೆ. ಎರಡನೆಯ ಕಲಂ ಇರುವುದರಿಂದಲೇ ಮೊದಲನೆಯದನ್ನು ಪಾಲಿಸುವ ಅವಸರ ಯಾರಿಗೂ ಇರುವುದಿಲ್ಲ. ಆಯೋಗದಲ್ಲಿ ಕಾನೂನು ಕ್ಷೇತ್ರದ ಒಬ್ಬ ಸದಸ್ಯರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ತೀರ್ಪು ನೀಡಿದೆ. ಮೂರು ಕುರ್ಚಿಗಳ ಭರ್ತಿಯನ್ನು ಪರಿಶೀಲಿಸುವಾಗ ಇದನ್ನೂ ನೋಡಬೇಕು.

ಖರ್ಚಿನ ಪಟ್ಟಿ ಓದುವಾಗ

ಆದಾಯ ಮತ್ತು ವೆಚ್ಚದ ಪಟ್ಟಿಯನ್ನು ವೇತನ, ನಿಯೋಜನೆಯವರ ರಜೆ ವೇತನ ಮತ್ತು ಪಿಂಚಣಿ ವಂತಿಗೆ, ಹೊರಗುತ್ತಿಗೆ, ಸಲಹೆಗಾರರ ಶುಲ್ಕ, ವಕೀಲರ ಶುಲ್ಕ, ಕಟ್ಟಡ, ಉಳಿದವು ಎಂದು ವಿಂಗಡಿಸಿಕೊಳ್ಳಿ. ಹೊರಗುತ್ತಿಗೆಯ ಮೊತ್ತ ಹಲವು ಸಲ "ಕಚೇರಿ ವೆಚ್ಚ" ಎಂಬ ಶೀರ್ಷಿಕೆಯಡಿ ಅಡಗಿರುತ್ತದೆ. ಅದರಲ್ಲಿ ನೌಕರರ ಕೂಲಿಯ ಜೊತೆಗೆ ಏಜೆನ್ಸಿಯ ಸೇವಾ ಶುಲ್ಕ ಮತ್ತು ತೆರಿಗೆಯೂ ಸೇರಿರುವುದರಿಂದ ಅದನ್ನು ನೇರವಾಗಿ ಸಂಬಳದೊಂದಿಗೆ ಹೋಲಿಸಲಾಗದು. ವೇತನ ಇಳಿದು ಸಲಹೆಗಾರರ ಶುಲ್ಕ ಏರಿದ ವರ್ಷ ಕಂಡರೆ ಉಳಿತಾಯವಾಯಿತೆಂದು ಭಾವಿಸಬೇಡಿ. ಸರ್ಕಾರದ ಅನುಮೋದನೆ ಬಾರದ ಹುದ್ದೆಯ ಕೆಲಸವನ್ನು ಕಲಂ 91ರ ಇನ್ನೊಂದು ಬಾಗಿಲಿನಿಂದ ಮಾಡಿಸಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಎರಡನ್ನೂ ಕೂಡಿಸಿಯೇ ಹೋಲಿಸಬೇಕು.

ವೇತನ ಪರಿಷ್ಕರಣೆಯ ವರ್ಷಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರಿಗೆ ಶೇ 20ರ ವೇತನ ಹೆಚ್ಚಳವನ್ನು ಸರ್ಕಾರ 2023ರ ಮಾರ್ಚ್‌ನಲ್ಲಿ ಒಪ್ಪಿದಾಗ ಅದು 2022ರ ಏಪ್ರಿಲ್‌ನಿಂದ ಪೂರ್ವಾನ್ವಯವಾಗಿತ್ತು; ರಾಜ್ಯ ಸರ್ಕಾರಿ ನೌಕರರ 7ನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್‌ನಿಂದ ಜಾರಿಗೆ ಬಂತು. ನಿಯೋಜನೆಯವರು ಮಾತೃ ಸಂಸ್ಥೆಯ ವೇತನಶ್ರೇಣಿಯಲ್ಲೇ ಇದ್ದರೆ ಇಂತಹ ಪರಿಷ್ಕರಣೆಯ ಬಾಕಿ ಆಯೋಗದ ಪುಸ್ತಕದಲ್ಲಿ ಯಾವುದೋ ಒಂದು ವರ್ಷ ಒಟ್ಟಾಗಿ ಕಾಣಿಸಿಕೊಳ್ಳುತ್ತದೆ. ಪಿಂಚಣಿ ವಂತಿಗೆಯೂ ಹೀಗೆಯೇ ಎರಡು ಮೂರು ವರ್ಷಗಳದ್ದು ಒಮ್ಮೆಗೇ ಪಾವತಿಯಾಗಬಹುದು. ಲೆಕ್ಕಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಟಿಪ್ಪಣಿಗಳನ್ನು ಓದದೆ ಇವನ್ನು ಪತ್ತೆಹಚ್ಚಲಾಗದು.

ಗಡಿಗಳ ವಿಚಾರದಲ್ಲೂ ಎಚ್ಚರ ಬೇಕು. ಕಲಂ 42ರಂತೆ ಬಳಕೆದಾರರ ಕುಂದುಕೊರತೆ ನಿವಾರಣಾ ವೇದಿಕೆಗಳನ್ನು ಸ್ಥಾಪಿಸುವವರು ಎಸ್ಕಾಂಗಳು, ಆ ವೇದಿಕೆಗಳಲ್ಲಿ ಪರಿಹಾರ ಸಿಗದವರ ದೂರು ಕೇಳುವ ಒಂಬುಡ್ಸ್‌ಮನ್ ಅವರನ್ನು ನೇಮಿಸುವುದು ಆಯೋಗ. ಒಂದರ ಖರ್ಚು ಎಸ್ಕಾಂ ಲೆಕ್ಕಕ್ಕೆ, ಇನ್ನೊಂದರದು ಆಯೋಗದ ಕಡೆಗೆ ಬರುವುದು ಸಹಜ; ಎರಡು ರಾಜ್ಯಗಳನ್ನು ಹೋಲಿಸುವಾಗ ಒಂದರಲ್ಲಿ ಸೇರಿಸಿ ಮತ್ತೊಂದರಲ್ಲಿ ಬಿಟ್ಟರೆ ಹೋಲಿಕೆ ಕೆಡುತ್ತದೆ.

ಕೊನೆಗೆ ಒಟ್ಟು ಖರ್ಚನ್ನು ಯೂನಿಟ್ ಲೆಕ್ಕಕ್ಕೆ ಇಳಿಸಿ ನೋಡಿ. ಆಯೋಗವೊಂದರ ವಾರ್ಷಿಕ ಖರ್ಚು 12 ಕೋಟಿ ರೂಪಾಯಿ, ರಾಜ್ಯದಲ್ಲಿ ಮಾರಾಟವಾದ ವಿದ್ಯುತ್ 6,000 ಕೋಟಿ ಯೂನಿಟ್ ಎಂದು ಉದಾಹರಣೆಗೆ ಇಟ್ಟುಕೊಂಡರೆ ಯೂನಿಟ್‌ಗೆ ಬರುವುದು 0.2 ಪೈಸೆ. ಇದನ್ನು ಒಂದು ನಿಜವಾದ ಸಂಖ್ಯೆಯ ಪಕ್ಕದಲ್ಲಿಡಿ: ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರ ಪಿಂಚಣಿ ಮತ್ತು ಉಪದಾನಕ್ಕೆಂದು (ಗ್ರಾಚ್ಯುಟಿ) 2025ರ ಮಾರ್ಚ್‌ನಲ್ಲಿ ಆಯೋಗ ಒಪ್ಪಿದ ಸರ್ಚಾರ್ಜ್ 2025-26ಕ್ಕೆ ಯೂನಿಟ್‌ಗೆ 36 ಪೈಸೆ. ನಿಯಂತ್ರಕರ ಇಡೀ ಕಚೇರಿಯ ಖರ್ಚು, ನಿಯಂತ್ರಣಕ್ಕೊಳಪಟ್ಟ ಕಂಪನಿಗಳ ಒಂದು ಬಾಬತ್ತಿನ ನೂರರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಆದ್ದರಿಂದ ಆಯೋಗದಲ್ಲಿ ಸಿಬ್ಬಂದಿ ಹೆಚ್ಚಾಯಿತೇ ಎಂದು ಕೇಳುವುದಕ್ಕಿಂತ, ವಿದ್ಯುತ್ ಖರೀದಿ ಒಪ್ಪಂದದ ಒಂದು ಷರತ್ತನ್ನು ಗಮನಿಸುವಷ್ಟು ಸಿಬ್ಬಂದಿ ಇದ್ದಾರೆಯೇ ಎಂದು ಕೇಳುವುದು ಬಳಕೆದಾರರಿಗೆ ಲಾಭದಾಯಕ. ಖರ್ಚು ಕಡಿಮೆ ಎಂಬುದನ್ನು ಆಯೋಗದ ಹೆಗ್ಗಳಿಕೆಯಾಗಿ ಬಣ್ಣಿಸುವ ವರದಿಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಕೆಲಸದ ಹೊರೆಯೊಂದಿಗೆ ತೂಗುವುದು

ಸಿಬ್ಬಂದಿ ಸಾಲದೋ ಸಾಕೋ ಎಂಬುದು ಕೆಲಸದ ಪ್ರಮಾಣವನ್ನು ಅವಲಂಬಿಸಿದೆ. ವಾರ್ಷಿಕ ವರದಿಯಿಂದ ವರ್ಷಾರಂಭದಲ್ಲಿ ಬಾಕಿಯಿದ್ದ ಅರ್ಜಿಗಳು, ಹೊಸದಾಗಿ ದಾಖಲಾದವು, ವಿಲೇವಾರಿಯಾದವು ಮತ್ತು ಹೊರಡಿಸಿದ ನಿಯಮಾವಳಿಗಳನ್ನು ತೆಗೆದುಕೊಳ್ಳಿ. ಎಲ್ಲ ಅರ್ಜಿಗಳೂ ಒಂದೇ ತೂಕದವಲ್ಲ. ಎಸ್ಕಾಂ ಒಂದರ ದರ ಅರ್ಜಿಗೂ ಸೌರ ಘಟಕವೊಂದರ ಕಾಲಾವಧಿ ವಿಸ್ತರಣೆಯ ಕೋರಿಕೆಗೂ ಬೇಕಾದ ಶ್ರಮ ಬೇರೆ ಬೇರೆ. ದರ ಅರ್ಜಿ, ವಿವಾದ, ಇತರೆ ಎಂದು ಮೂರು ಬಗೆ ಮಾಡಿದರೂ ಸಾಕು.

ಕಾಲಮಿತಿಯೂ ಒಳ್ಳೆಯ ಅಳತೆಗೋಲು. ದರ ಅರ್ಜಿ ಸ್ವೀಕರಿಸಿದ 120 ದಿನಗಳೊಳಗೆ ಆದೇಶ ನೀಡಬೇಕೆಂದು ಕಲಂ 64 ಹೇಳುತ್ತದೆ. ಏಪ್ರಿಲ್ 1ರಿಂದ ಹೊಸ ದರ ಜಾರಿಯಾಗಬೇಕಾದರೆ ಅರ್ಜಿ ಡಿಸೆಂಬರ್ ಆರಂಭದೊಳಗೆ ಬಂದಿರಬೇಕು. 2011ರ ನವೆಂಬರ್ 11ರಂದು ವಿದ್ಯುತ್ ಮೇಲ್ಮನವಿ ನ್ಯಾಯಾಧಿಕರಣವು ಕಂಪನಿಗಳು ಅರ್ಜಿ ಸಲ್ಲಿಸದಿದ್ದರೂ ಆಯೋಗಗಳು ಸ್ವಯಂಪ್ರೇರಿತವಾಗಿ ದರ ನಿರ್ಣಯ ಆರಂಭಿಸಬೇಕೆಂದು ನಿರ್ದೇಶಿಸಿತು. ಕರ್ನಾಟಕದ ಆಯೋಗ 2025-26ರಿಂದ 2027-28ರವರೆಗಿನ ಮೂರು ವರ್ಷಗಳ ದರ ಆದೇಶವನ್ನು 2025ರ ಮಾರ್ಚ್ 27ರಂದು, ಗಡುವಿನೊಳಗೆ ಹೊರಡಿಸಿತು. ಗಡುವು ಪಾಲಿಸಿದ ಆದೇಶದಲ್ಲೂ ಪರಿಶೀಲನೆಯ ಆಳವನ್ನು ನೋಡಬೇಕು: ಎಸ್ಕಾಂ ಕೇಳಿದ ಮೊತ್ತಕ್ಕೂ ಆಯೋಗ ಒಪ್ಪಿದ ಮೊತ್ತಕ್ಕೂ ಇರುವ ವ್ಯತ್ಯಾಸ ಯಾವ ಬಾಬತ್ತುಗಳಲ್ಲಿ ಬಂದಿದೆ, ಅದಕ್ಕೆ ಕೊಟ್ಟ ಕಾರಣ ಒಂದು ಸಾಲಿನದೋ ಲೆಕ್ಕಸಮೇತವೋ ಎಂಬುದು ಅಲ್ಲಿ ಎಷ್ಟು ಕೈಗಳು ದುಡಿದವೆಂಬುದನ್ನು ಹೇಳುತ್ತದೆ.

ಹೊಸ ಹೊಣೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಸಿರು ಇಂಧನದ ಮುಕ್ತ ಪ್ರವೇಶಕ್ಕೆ, ಅಂದರೆ ದೊಡ್ಡ ಬಳಕೆದಾರರು ಉತ್ಪಾದಕರಿಂದಲೇ ಹಸಿರು ವಿದ್ಯುತ್ ಕೊಳ್ಳುವ ಅವಕಾಶಕ್ಕೆ, ಕೇಂದ್ರ ಸರ್ಕಾರ 2022ರಲ್ಲಿ ನಿಯಮ ತಂದಿತು. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆಯನ್ನು ತಿಂಗಳುವಾರು ವಸೂಲಿ ಮಾಡುವ ವ್ಯವಸ್ಥೆಯೂ ಅದೇ ವರ್ಷದ ಕೊನೆಯ ನಿಯಮಗಳಿಂದ ಬಂತು. ಇಂತಹ ಪ್ರತಿಯೊಂದು ನಿಯಮದ ಬೆನ್ನಿಗೂ ಆಯೋಗದಲ್ಲಿ ಕರಡು, ವಿಚಾರಣೆ ಮತ್ತು ಉಸ್ತುವಾರಿಯ ಕೆಲಸ ಹುಟ್ಟುತ್ತದೆ. ಮಂಜೂರಾದ ಹುದ್ದೆಗಳ ಸಂಖ್ಯೆ ಕೊನೆಯ ಬಾರಿ ಪರಿಷ್ಕರಣೆಯಾದ ವರ್ಷವನ್ನು ನೇಮಕಾತಿ ನಿಯಮಾವಳಿಯಿಂದ ತೆಗೆದು, ಅದರ ನಂತರ ಸೇರಿದ ಹೊಣೆಗಳನ್ನು ಕೆಳಗೆ ಸಾಲಾಗಿ ಬರೆಯಿರಿ. ಖಾಲಿ ಹುದ್ದೆಗಳ ಶೇಕಡಾವಾರಿಗಿಂತ ಈ ಸಾಲುಗಳೇ ಹೆಚ್ಚು ಮನವರಿಕೆ ಮಾಡಿಕೊಡುತ್ತವೆ.

ನೆರೆ ರಾಜ್ಯಗಳೊಂದಿಗೆ ಹೋಲಿಸುವಾಗ ಜನಸಂಖ್ಯೆಯನ್ನು ಹಿಡಿಯದೆ, ಆಯೋಗದ ಮುಂದೆ ಬರುವ ಕಂಪನಿಗಳನ್ನು ಹಿಡಿಯಿರಿ. ಕೇರಳದಲ್ಲಿ ವಿತರಣೆಯ ಬಹುಪಾಲು ಒಂದೇ ಮಂಡಳಿಯ ಕೈಯಲ್ಲಿದೆ. ಆಂಧ್ರದಲ್ಲಿ ಸರ್ಕಾರಿ ವಿತರಣಾ ಕಂಪನಿಗಳು ಮೂರು. ಕರ್ನಾಟಕದಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕಾಂ ಎಂಬ ಐದು ಎಸ್ಕಾಂಗಳ ಜೊತೆಗೆ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೂ ಪ್ರಸರಣಕ್ಕೆ ಕೆಪಿಟಿಸಿಎಲ್ಲೂ ಇವೆ. ಪ್ರತಿಯೊಂದರ ಲೆಕ್ಕವನ್ನೂ ಪ್ರತ್ಯೇಕವಾಗಿ ಸರಿತೂಗಿಸಬೇಕು. ಅಂತರರಾಜ್ಯ ವಿಷಯಗಳನ್ನು ನೋಡುವ ಕೇಂದ್ರ ಆಯೋಗದೊಂದಿಗೆ ಹೋಲಿಸುವುದರಿಂದ ಪ್ರಯೋಜನವಿಲ್ಲ.

ಸಿದ್ಧವಾದ ಟಿಪ್ಪಣಿಯನ್ನು ಎಲ್ಲಿಗೆ ಒಯ್ಯಬೇಕು?

ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆ ಇದಕ್ಕೆ ಸರಿಯಾದ ಸ್ಥಳವಲ್ಲ. ಅಲ್ಲಿ ಚರ್ಚೆಗಿರುವುದು ಎಸ್ಕಾಂಗಳ ಅರ್ಜಿ. ಹುದ್ದೆಗಳಿಗೆ ಅನುಮೋದನೆ ಕೊಡುವುದು ಸರ್ಕಾರವಾದ್ದರಿಂದ ಮೊದಲ ಪ್ರತಿ ಇಂಧನ ಇಲಾಖೆಗೆ ಹೋಗಬೇಕು. ಎರಡನೆಯದನ್ನು ಕಲಂ 87ರಡಿ ರಚನೆಯಾದ ರಾಜ್ಯ ಸಲಹಾ ಸಮಿತಿಯ ಸದಸ್ಯರಿಗೆ ಕೊಡಿ; 21 ಮಂದಿ ಮೀರದ ಆ ಸಮಿತಿಯಲ್ಲಿ ವಾಣಿಜ್ಯ, ಕೈಗಾರಿಕೆ, ಕೃಷಿ, ಕಾರ್ಮಿಕ ಮತ್ತು ಬಳಕೆದಾರ ವಲಯಗಳ ಪ್ರತಿನಿಧಿಗಳು ಇರಬೇಕೆಂದು ಕಾಯ್ದೆ ಹೇಳುತ್ತದೆ. ಮೂರನೆಯ ದಾರಿ ನಿಮ್ಮ ಕ್ಷೇತ್ರದ ಶಾಸಕರದು. ಆಯೋಗದ ವಾರ್ಷಿಕ ವರದಿ ಮತ್ತು ಪರಿಶೋಧಿತ ಲೆಕ್ಕ ಯಾವ ವರ್ಷದವರೆಗೆ ಸದನದಲ್ಲಿ ಮಂಡನೆಯಾಗಿದೆ, ವಿಶ್ಲೇಷಣಾ ವೃಂದದಲ್ಲಿ ಖಾಲಿ ಹುದ್ದೆಗಳೆಷ್ಟು, ಹುದ್ದೆ ಸೃಷ್ಟಿಯ ಎಷ್ಟು ಪ್ರಸ್ತಾವಗಳು ಸರ್ಕಾರದಲ್ಲಿ ಯಾವ ದಿನಾಂಕದಿಂದ ಬಾಕಿ ಇವೆ ಎಂಬ ಮೂರು ಪ್ರಶ್ನೆಗಳನ್ನು ಅಚ್ಚುಕಟ್ಟಾಗಿ ಬರೆದು ಕೊಟ್ಟರೆ ಅವರು ಅದನ್ನು ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಕೋರುವ ಪ್ರಶ್ನೆಯಾಗಿ ಸದನಕ್ಕೆ ಕಳುಹಿಸಬಹುದು. ಲಿಖಿತ ಉತ್ತರ ಬಂದ ನಂತರ ಅದರಲ್ಲಿನ ಅಂಕಿಗಳನ್ನು ಮಾಹಿತಿ ಹಕ್ಕಿನಡಿ ಸಿಕ್ಕ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ; ಎರಡೂ ತಾಳೆಯಾಗದಿದ್ದರೆ ಆ ವ್ಯತ್ಯಾಸವನ್ನಷ್ಟೇ ವಿಷಯವಾಗಿಸಿಕೊಂಡು, 150 ಪದಗಳೊಳಗೆ, ಮುಂದಿನ ಅರ್ಜಿ ಬರೆಯಿರಿ.